ನೀಲಕ್ಕನ ಕೌದಿಯೊಂದಿಗೆ ಸುರಪುರಕ್ಕೆ

ಮುಂಬಯಿಯಿಂದ ಬಂದ ಮೇಲ್ ಗಾಡಿ ಯಾದಗಿರಿ ಮುಟ್ಟಿದಾಗ ಬೆಳಗಿನ ಎಂಟಾಗಿತ್ತು. ಇಳಿದವರಲ್ಲಿ ಒಂಟಿ ಹೆಂಗಸು ನಾನೊಬ್ಬಳೇ. ಸ್ಟೇಷನ್ನಿನ ಬಾಗಿಲಲ್ಲಿದ್ದ ಪೊಲೀಸಿನವನು ನನ್ನ ಗಂಟನ್ನು ಲಾಠಿಯಿಂದ ಒತ್ತಿ ನೋಡಿದ.

"ಏನದ ಇದರಾಗ?"

"ಕೌದಿ."

"ಕೌದಿ ಇಲ್ಲಿಂದ ಮುಂಬಯಿಗಿ ಒಯ್ತಾರ. ಅಲ್ಲಿಂದ ಇಲ್ಲಿಗಿ ಯಾರು ತರ್ತಾರ? ಬಿಚ್ಚು."

ಬಿಚ್ಚಿದೆ. ನಿಜಾಮನ ಆಳ್ವಿಕೆ ಮುಗಿದು ಎರಡು ವರ್ಷವೂ ಆಗಿರಲಿಲ್ಲ. ಯಾರ ಗಂಟಿನಲ್ಲಿ ಏನಿದೆಯೋ ಎಂಬ ಅಂಜಿಕೆ ಆ ಕಡೆ ಇನ್ನೂ ಆರಿರಲಿಲ್ಲ.

ಹಳೆ ಸೀರೆಯ ತುಂಡು ಕೂಡಿಸಿ ಹೊಲಿದ ಆ ಕೌದಿ ನೀಲಕ್ಕನದು. ಸಿನಿಮಾ ನೋಡುವವರಿಗೆ ಆಕೆ ಬೇರೆ ಹೆಸರಿನಿಂದ ಗೊತ್ತು. ಹತ್ತು ವರ್ಷದವಳಿದ್ದಾಗ ನಾಟಕ ಕಂಪನಿಯ ಜೊತೆ ಸುರಪುರ ಬಿಟ್ಟವಳು, ಸೊಲ್ಲಾಪುರದಲ್ಲಿ ಬಾಲಕೃಷ್ಣನಾಗಿ ಕುಣಿದು, ಮೂಕಿ ಚಿತ್ರಗಳ ಕೊನೆಗಾಲಕ್ಕೆ ಮುಂಬಯಿ ಸೇರಿದಳು. ಮಾತಿನ ಚಿತ್ರ ಬಂದಾಗ ಹಿಂದಿ, ಮರಾಠಿ ಕಲಿತು ರಾಣಿಯ ಪಾತ್ರದವರೆಗೆ ಏರಿದಳು. ಮೂವತ್ತು ದಾಟಿದ ಮೇಲೆ ಸಿಕ್ಕಿದ್ದು ಸವತಿಯ ಪಾತ್ರ, ಮಲತಾಯಿಯ ಪಾತ್ರ. ಕಾರವಾರದ ನಾನು ಹನ್ನೊಂದು ವರ್ಷ ಆಕೆಯ ತಲೆ ಬಾಚಿ, ಸೀರೆ ಉಡಿಸಿದೆ.

ಶೂಟಿಂಗಿನ ನಡುವೆ ರಾಣಿಯ ಉಡುಪಿನಲ್ಲೇ ಆಕೆ ಈ ಕೌದಿ ಹಾಸಿ ಮಲಗುತ್ತಿದ್ದಳು. ಅದರ ಒಂದು ಮೂಲೆಯಲ್ಲಿ ಗಟ್ಟಿ ಏನೋ ಕೈಗೆ ಹತ್ತುತ್ತಿತ್ತು. ಒಡವೆ ಹೊಲಿದಿಟ್ಟಿದ್ದಾಳೆಂದು ಸ್ಟುಡಿಯೋದಲ್ಲಿ ಪಿಸುಮಾತು. ಆಕೆ ತೀರಿಕೊಂಡ ವಾರ ನನಗೆ ಅಡುಗೆಯವಳ ಮೇಲೂ ಡ್ರೈವರನ ಮೇಲೂ ಸಂಶಯ. ಅವರಿಗಿಂತ ಮೊದಲು ನಾನೇ ಮೂಲೆ ಕತ್ತರಿಸಿ ನೋಡಿದೆ. ಒಳಗಿದ್ದದ್ದು ಕಲ್ಲಿನಂತೆ ಒಣಗಿದ ಒಂದು ಚೂರು. ಏನೆಂದು ತಿಳಿಯದೆ ಎಸೆದು, ಕರಿ ದಾರದಿಂದ ಹೊಲಿದುಬಿಟ್ಟೆ.

"ಇದನ್ನ ಅವ್ವಗ ಮುಟ್ಟಿಸು. ಕೌದಿ ಹೊಲಿಯೋ ಹಣಮವ್ವ ಅಂದ್ರ ಸುರಪುರದಾಗ ಯಾರರೆ ಮನಿ ತೋರಸ್ತಾರ" ಎಂದಿದ್ದಳು ಕೊನೆಗೆ. ಅಷ್ಟು ವರ್ಷ ಆಕೆ ಬರೆದ ಕಾಗದಗಳಿಗೆ ಮನೆಯಿಂದ ಒಂದು ಉತ್ತರವೂ ಬಂದಿರಲಿಲ್ಲ. ಮಗಳೆಂದು ಅವ್ವ ಒಪ್ಪುತ್ತಾಳೆಯೇ ಎಂಬುದೊಂದನ್ನು ತಿಳಿಯಲು ನಾನು ಹೊರಟಿದ್ದೆ.

ಶಹಾಪುರದ ಬಸ್ಸಿನ ಕಂಡಕ್ಟರ್ ನನ್ನ ರೂಪಾಯಿಯನ್ನು ತಿರುಗಿಸಿ ನೋಡಿದ. "ಕಲ್ದಾರ್ ಏನ್ರಿ? ಹಾಲಿ ಇಲ್ಲ?" ನಿಜಾಮನ ಹಾಲಿ, ಇಂಡಿಯಾದ ಕಲ್ದಾರ್, ಎರಡೂ ನಾಣ್ಯಗಳು ಆಗ ನಡೆಯುತ್ತಿದ್ದವು. ಯಾರ ಮನೆಗೆ, ಅವರು ನಿಮಗೆ ಏನಾಗಬೇಕು ಎಂದು ಕೇಳಿದ. ಏನೂ ಆಗಬೇಕಿಲ್ಲ ಎಂದೆ.

"ಏನೂ ಆಗದಾಕಿ ಇಷ್ಟು ದೂರ ಬಂದಾಳಂದ್ರ ಏನೋ ಆಗ್ಯದ" ಎಂದು ಚೀಟಿ ಹರಿದು ಕೊಟ್ಟ.

ಶಹಾಪುರದಲ್ಲಿ ಸುರಪುರದ ಬಸ್ಸಿಗೆ ಎರಡು ತಾಸು ಕಾದೆ. ಬಿಸಿಲಿಗೆ ಬಂಡೆಗಳು ಕಾದು ಗಾಳಿಯೇ ಸುಡುತ್ತಿತ್ತು. ಚಹಾದ ಅಂಗಡಿಯಲ್ಲಿ ಮಂಡಕ್ಕಿ, ಮಿರ್ಚಿ ತಿಂದೆ. ಗೋಡೆಗೆ ಟೂರಿಂಗ್ ಟಾಕೀಸಿನವರು ಸಿನಿಮಾದ ಚಿತ್ರ ಅಂಟಿಸಿದ್ದರು; ಅದರಲ್ಲಿ ನೀಲಕ್ಕ ಹುಬ್ಬು ಗಂಟಿಕ್ಕಿ ನಿಂತಿದ್ದಳು.

"ಭಾಳ ಹಲ್ಕಟ್ ಹೆಂಗಸ್ರಿ ಅಕಿ. ಮಂದಿ ಪರದೆಗಿ ಚಪ್ಪಲಿ ಒಗಿತಾರ" ಅಂದ ಅಂಗಡಿಯವನು, ಮೆಚ್ಚಿಗೆಯಿಂದ. ಹದಿನೈದು ಮೈಲಿ ಆಚೆಯ ಊರಿನವಳೆಂದು ಅವನಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ.

ಸುರಪುರದಲ್ಲಿ ಮನೆ ಬೇಗ ಸಿಕ್ಕಿತು. ಬಾಗಿಲಿಗೆ ಅಡ್ಡವಾಗಿ ನಿಂತವನು ಹಣಮವ್ವನ ಮಗ ನಿಂಗಪ್ಪ. ನೀಲಕ್ಕ ತೀರಿಕೊಂಡ ಸುದ್ದಿ ಹೇಳಿದೊಡನೆ ಅವನ ಮುಖ ಬಿಗಿದುಕೊಂಡಿತು.

"ನಮ್ಮಕ್ಕ ಸಣ್ಣಾಕಿದ್ದಾಗ ಕಾಲರಾದಾಗ ಸತ್ತಾಳ್ರಿ. ದಿನಕರ್ಮಾ ಮಾಡಿ ಊರಿಗಿ ಊಟಾ ಹಾಕೀವಿ. ಸತ್ತಾಕಿ ಮತ್ತೊಮ್ಮಿ ಹ್ಯಾಂಗ ಸಾಯ್ತಾಳ?" ಆಮೇಲೆ ದನಿ ತಗ್ಗಿಸಿದ. "ನಾಳಿಗಿ ನನ್ನ ಮಗಳ ನಿಶ್ಚಯ ಅದ, ಬೀಗರು ಬರ್ತಾರ. ಖರೇ ಹೇಳ್ರಿ, ಅದನ್ನ ಮುರಿಸಾಕ ಯಾರು ಕಳಿಸ್ಯಾರ ನಿಮ್ಮನ್ನ?"

ಕಾಗದಗಳನ್ನು ಹರಿದು ಒಲೆಗೆ ಹಾಕಿದವನು ಇವನೇ ಎಂದು ನನಗೆ ಆಗಲೇ ಅನ್ನಿಸಿತು.

"ಯಾರರೆ ಇರಲಿ, ಮೊದಲ ನೀರು ಕೊಡೋ" ಎಂಬ ಮಾತು ಒಳಗಿನಿಂದ ಬಂತು. ಮುದುಕಿ ಹಳೆಯ ಸೀರೆಗಳ ತುಂಡುಗಳ ನಡುವೆ ಕುಳಿತಿದ್ದಳು. ಕೌದಿ ಬಿಚ್ಚಿ ಎದುರಿಗಿಟ್ಟೆ. ಮುಟ್ಟಲಿಲ್ಲ.

"ನಮ್ಮದಲ್ಲವ್ವ ಇದು."

ಮಡಚಲು ಹೋದೆ. ಆಕೆಯ ಕಣ್ಣು ಕರಿ ದಾರದ ಮೂಲೆಯ ಮೇಲೆ ನಿಂತಿತು. ಕೈ ಚಾಚಿ ಒತ್ತಿ ನೋಡಿದಳು.

"ಇದರ ಹೊಟ್ಟಿ ಯಾರು ಹರದಾರ?"

ನಾನೇ ಎಂದೆ. ಏಕೆಂದೂ ಹೇಳಿದೆ. ಮುದುಕಿ ಬೈಯಲಿಲ್ಲ.

"ಕೌದಿ ಮುಗಸೂ ಮುಂದ ಮೂಲ್ಯಾಗ ರೊಟ್ಟಿ ಚೂರು ಇಟ್ಟು ಹೊಲಿತೀವಿ. ಹೊತ್ಕೊಂಡವರು ಉಪಾಸ ಮಲಗಬಾರದಂತ."

ಎದ್ದು ಬುಟ್ಟಿಯಿಂದ ಜೋಳದ ರೊಟ್ಟಿಯ ಚೂರೊಂದನ್ನು ಮುರಿದು ತಂದಳು. ನನ್ನ ದಾರವನ್ನು ಹಲ್ಲಿನಿಂದ ಕಡಿದಳು. "ಯಾರದೋ ಏನೋ. ಹಸದದ್ದನ್ನ ಹಂಗ ಕಳಸಬಾರದು" ಎಂದು ಮಗನಿಗೆ ಕೇಳುವಂತೆ ಹೇಳಿ ಹೊಲಿಯತೊಡಗಿದಳು. ಎಡಗೈಯವಳು, ಹಾಕಿದ ಹೊಲಿಗೆಯೆಲ್ಲ ಎಡಕ್ಕೆ ವಾಲುತ್ತಿತ್ತು. ಕೌದಿಯ ತುಂಬ ಇದ್ದದ್ದೂ ಅದೇ ವಾಲು.

ತಲೆ ಎತ್ತದೆ ಕೇಳಿದಳು: "ಸಾಯೂ ಮುಂದ ಉಂಡಿದ್ಲೇನು?"

"ಅವ್ವಾ!" ಎಂದ ನಿಂಗಪ್ಪ.

ಕೊನೆಯ ಮೂರು ದಿನ ನೀಲಕ್ಕ ನೀರು ಬಿಟ್ಟು ಏನೂ ಮುಟ್ಟಿರಲಿಲ್ಲ. ಅದಕ್ಕೂ ಮೊದಲು ರೊಟ್ಟಿ ಕೇಳಿದ್ದಳು. ನಾನು ಗಂಜಿ ಕೊಟ್ಟಿದ್ದೆ.

"ಉಂಡಿದ್ದರು. ರೊಟ್ಟಿ ಮಾಡಿಕೊಟ್ಟಿದ್ದೆ" ಎಂದೆ.

ಮುದುಕಿ ನನ್ನ ಕೈಗಳನ್ನೇ ನೋಡಿದಳು. "ನಿನಗ ರೊಟ್ಟಿ ಬಡಿಯಾಕ ಬರ್ತದ?"

ನಾನು ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡೆ. ಅಂಥ ಬಿಸಿಲಿನಲ್ಲೂ ಆಕೆ ಕೌದಿಯನ್ನು ಎಳೆದು ತನ್ನ ಮೊಣಕಾಲ ಮೇಲೆ ಹೊದ್ದು, ಗೋಡೆಯ ಕಡೆ ತಿರುಗಿ ಕುಳಿತಳು.

ಬಸ್ಸು ಹೊರಡುವ ಹೊತ್ತಿಗೆ ನಿಂಗಪ್ಪ ಬಂದು ಕಿಟಕಿಯೊಳಗೆ ಬಟ್ಟೆಯ ಗಂಟೊಂದನ್ನು ಇಟ್ಟ. ಎರಡು ರೊಟ್ಟಿ, ಪುಂಡಿಪಲ್ಯ.

"ಅವ್ವ ಕೊಟ್ಟಾಳ. ಹಾದ್ಯಾಗ ಉಣಬೇಕಂತ."

ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಅವನು ಅಲ್ಲೇ ನಿಂತಿದ್ದ. ಕಳಿಸಿಕೊಡಲು ನಿಂತಿದ್ದನೋ, ನಾನು ಹೋದದ್ದನ್ನು ಖಾತ್ರಿ ಮಾಡಿಕೊಳ್ಳಲೋ, ತಿಳಿಯಲಿಲ್ಲ. ಗಂಟು ಬಿಚ್ಚಿದೆ. ರೊಟ್ಟಿ ಇನ್ನೂ ಬಿಸಿಯಿತ್ತು.