ಮಣಿಕಟ್ಟಿನ ಸ್ಕ್ಯಾನಿಂಗ್

ಎಕ್ಸ್‌ರೇಯಲ್ಲಿ ಕಾಣದ ಕೀಲುನೋವು ಬರೀ ನಾಟಕ ಎಂದು ಎಂಬತ್ತರ ದಶಕದಲ್ಲಿ ಎಲ್ಲರೂ ನಂಬಿದ್ದರು. ಫಿಸಿಕ್ಸ್ ಓದಿದ ನಾನೂ ನಂಬಿದ್ದೆ.

ತುಮಕೂರಿನ ಒಂದು ನರ್ಸಿಂಗ್ ಹೋಮಿನಲ್ಲಿ ಸ್ಕ್ಯಾನಿಂಗ್ ಮೆಷಿನ್ ನೋಡಿಕೊಳ್ಳುವ ಕೆಲಸ ನನ್ನದು. ಬರುತ್ತಿದ್ದವರೆಲ್ಲ ಬಸುರಿಯರು. ಒಂದು ಬೆಳಿಗ್ಗೆ ನಿಟ್ಟೂರಿನ ಗಂಡ ಹೆಂಡತಿ ಒಂದು ಟ್ರಂಕಿನ ಸಮೇತ ಬಂದರು. ಹೆಂಡತಿಗೆ ಲೂಪಸ್ ಎಂಬ, ಮೈಯ ರಕ್ಷಣಾ ಶಕ್ತಿಯೇ ಮೈಮೇಲೆ ತಿರುಗಿಬೀಳುವ ಕಾಯಿಲೆ. ಕೈನೋವಿಗೆ ಮುದ್ದೆ ತಿರುವಲೂ ಆಗುತ್ತಿರಲಿಲ್ಲ. ಎಕ್ಸ್‌ರೇ ಮಾತ್ರ ಸರಿಯಾಗಿತ್ತು. ಹಾಗಾಗಿ ಇದು ನಾಟಕವೆಂದುಕೊಂಡು ಗಂಡ ಅವಳನ್ನು ಹುಲಿಯೂರುದುರ್ಗದ ತವರಿಗೆ ಬಿಟ್ಟುಬರಲು ಹೊರಟಿದ್ದ; ದಾರಿಯಲ್ಲಿ ಕೊನೆಯ ಸಲ ತೋರಿಸಲೆಂದು ಇಲ್ಲಿ ಇಳಿದಿದ್ದ.

ಮಣಿಕಟ್ಟನ್ನು ಸ್ಕ್ಯಾನ್ ಮಾಡೋಣ ಎಂದರು ಡಾಕ್ಟರಮ್ಮ.

"ಕೈಯೊಳಗೆ ಮಗು ಇರ್ತದಾ ಮೇಡಂ?" ಎಂದ ಗಂಡ. ನಾನೂ ನಕ್ಕೆ.

ಹೊಟ್ಟೆ ನೋಡಲು ಮಾಡಿದ ಮೆಷಿನ್ನಿಗೆ ಚರ್ಮದ ತೀರ ಹತ್ತಿರದ್ದು ಮಸುಕು. ನಡುವೆ ಒಂದಿಷ್ಟು ಅಂತರ ಸಿಗಲೆಂದು ಡಾಕ್ಟರಮ್ಮ ರಬ್ಬರ್ ಗ್ಲೌಸಿಗೆ ನೀರು ತುಂಬಿ, ಗಂಟು ಹಾಕಿ, ಮಣಿಕಟ್ಟಿನ ಮೇಲಿಟ್ಟು ಅದರ ಮೂಲಕ ನೋಡಿದರು. ಪರದೆಯಲ್ಲಿ ಬೆಳ್ಳನೆಯ ಮೂಳೆಯ ಮೇಲೆ ಕಪ್ಪು ಮಡುವೊಂದು ಕಾಣಿಸಿತು. ಬೆರಳಿನಿಂದ ಒತ್ತಿದರೆ ಸರಿದಾಡಿತು. ಕೊಯ್ಯದೆ, ಚುಚ್ಚದೆ, ಅವಳ ನೋವು ನಮ್ಮ ಕಣ್ಣೆದುರು ಅಲುಗುತ್ತಿತ್ತು. ನಾನು ಫೋಟೋ ತೆಗೆಯುವುದನ್ನೇ ಮರೆತೆ.

"ಏನದು?" ಗಂಡನ ದನಿ ಇಳಿದಿತ್ತು.

"ನೀರು. ಕೀಲು ಊದಿ ತುಂಬ್ಕೊಂಡಿದೆ," ಎಂದರು ಡಾಕ್ಟರಮ್ಮ.

"ನಾನೇ ಸೋಂಬೇರಿ ಇರ್ಬೇಕು ಅಂತ ನಂಗೂ ಅನ್ಸಿಬುಟ್ಟಿತ್ತು ಕಣ್ರೀ," ಎಂದಳು ಹೆಂಡತಿ, ಪರದೆಯಿಂದ ಕಣ್ಣು ತೆಗೆಯದೆ.

ಗಂಡ ಟ್ರಂಕು ಎತ್ತಿಕೊಂಡು, ನಿಟ್ಟೂರಿಗೆ ವಾಪಸ್ ಬಸ್ಸು ಎಷ್ಟೊತ್ತಿಗೆ ಎಂದು ನನ್ನನ್ನು ಕೇಳಿದ.

ಎಕ್ಸ್‌ರೇ ತೋರಿಸುವುದು ಮೂಳೆಯನ್ನು. ಅವಳ ಮೂಳೆಗೆ ಏನೂ ಆಗಿರಲಿಲ್ಲ.