ಕೇಳದೆ ಉಳಿದ ಅಧ್ಯಾಯ

ಆ ಭಾನುವಾರ ನಾನು ಮೆಂತ್ಯೆಸೊಪ್ಪು ಬಿಡಿಸುತ್ತ ಕೂತಿದ್ದೆ. ನಮ್ಮ ಮುಲುಂಡ್‌ನ ಸಂತೆಯಲ್ಲಿ ಸಿಗುವ ಮೆಂತ್ಯೆಗೆ ಎಲೆಗಿಂತ ಮಣ್ಣೇ ಹೆಚ್ಚು. ಒಂದು ಹೊತ್ತಿನ ಪಲ್ಯಕ್ಕೆ ಅರ್ಧ ಬೆಳಗು ಹೋಗುತ್ತದೆ. ಯಜಮಾನರು ಎದುರಿನ ಕುರ್ಚಿಯಲ್ಲಿ ಕೂತು ತಾವು ಅನುವಾದಿಸುತ್ತಿದ್ದ ಕಾದಂಬರಿಯ ಹಾಳೆಗಳನ್ನು ಗಟ್ಟಿಯಾಗಿ ಓದುತ್ತಿದ್ದರು. ಓದುವಾಗ ಅವರ ಕಣ್ಣು ಹಾಳೆಯ ಮೇಲೆ ಎಷ್ಟಿರುತ್ತಿತ್ತೋ ನನ್ನ ಬೆರಳುಗಳ ಮೇಲೂ ಅಷ್ಟೇ ಇರುತ್ತಿತ್ತು. ಕೇಳುತ್ತ ಕೇಳುತ್ತ ನನ್ನ ಕೈ ನಿಂತರೆ, ಅಲ್ಲಿ ವಾಕ್ಯ ಎಡವಿದೆ ಎಂದು ತಿಳಿದು ಆ ಸಾಲಿಗೆ ಪೆನ್ಸಿಲಿನ ಗೀಟು ಎಳೆಯುವರು.

"ಯಾಕ ನಿಂತಿ?" ಅಂದರು.

"ಹುಳ ಸಿಕ್ಕತ್ರಿ."

"ಪಲ್ಯೆದಾಗೋ, ನನ್ನ ವಾಕ್ಯದಾಗೋ?"

"ಎರಡರಾಗೂ ಅದಾವ. ಮೊದಲ ಯಾವುದು ತಗೀಲಿ?"

ನಕ್ಕರು. ಗೀಟು ಎಳೆದರು. ಏಳುವಾಗ, "ಇನ್ನ ಒಂದ ಅಧ್ಯಾಯ ಉಳೀತು ನೋಡು. ಬರೂ ಐತವಾರ ಅದನ್ನೂ ಕೇಳಿಬಿಡು, ಧಾರವಾಡಕ್ಕ ಕಳಿಸಿಬಿಡೂಣು" ಎಂದರು. ಧಾರವಾಡದಲ್ಲಿ ಒಬ್ಬ ಪ್ರಕಾಶಕರು ಪುಸ್ತಕ ತರಲು ಒಪ್ಪಿದ್ದರು. ಮರುದಿನ ಬೆಳಿಗ್ಗೆ ಆಫೀಸಿಗೆ ಹೊರಟವರು ಸ್ಟೇಷನ್ನಿನ ಸೇತುವೆಯ ಮೇಲೆ ದಣಿವಾಯಿತೆಂದು ಕೂತರಂತೆ. ಮತ್ತೆ ಏಳಲಿಲ್ಲ.

ಈಗ ಆ ಕಾದಂಬರಿ ಬರೆದಾಕೆಯ ವಿಷಯ ಹೇಳಬೇಕು. ಅವಳನ್ನು ಬಿಟ್ಟು ನಮ್ಮ ಯಜಮಾನರ ಕೊನೆಯ ವರ್ಷಗಳನ್ನು ಹೇಳಲು ನನಗೆ ಬರುವುದಿಲ್ಲ. ಆಕೆ ಪಶ್ಚಿಮ ಆಫ್ರಿಕಾದ ಘಾನಾ ದೇಶದವಳು. ಅಲ್ಲಿ ಮಗು ಯಾವ ವಾರ ಹುಟ್ಟಿತೋ ಆ ವಾರದ ಹೆಸರನ್ನೇ ಇಡುವ ರೂಢಿಯಂತೆ. ಆಕೆ ಹುಟ್ಟಿದ್ದು ಬುಧವಾರ. "ನಮ್ಮ ವಿಜಯಪುರದಾಗ ಸೋಮವ್ವ, ಗುರವ್ವ ಇಲ್ಲೇನು? ಈಕಿ ಬುಧವ್ವ" ಎಂದು ಯಜಮಾನರು ಹೆಸರಿಟ್ಟರು. ಅಂದಿನಿಂದ ನಾವಿಬ್ಬರು ಮತ್ತು ಮಗಳು ಇದ್ದ ಎರಡು ಕೋಣೆಯ ಮನೆಯಲ್ಲಿ ಬುಧವ್ವ ನಾಲ್ಕನೆಯವಳಾದಳು. "ಬುಧವ್ವ ಇವತ್ತ ಭಾಳ ತ್ರಾಸ ಕೊಟ್ಲು" ಎಂದು ಲೋಕಲ್ ರೈಲು ಇಳಿದು ಬಂದವರು ಹೇಳಿದರೆ, ಗಾಡಿಯಲ್ಲಿ ನಿಂತುಕೊಂಡೇ ಒಂದು ಪುಟ ಬರೆದಿದ್ದಾರೆಂದು ನಾನು ತಿಳಿಯುತ್ತಿದ್ದೆ.

ಬುಧವ್ವನ ಬದುಕು ವಿಚಿತ್ರ. ಇಪ್ಪತ್ತರ ಹರೆಯದಲ್ಲಿ ಮೊದಲ ಕಾದಂಬರಿ ಬರೆದು ಹೆಸರಾದಳು. ಎಲ್ಲರೂ ಎರಡನೆಯದಕ್ಕೆ ಕಾದರು. ಅವಳು ಒಂದು ಪ್ರಕಾಶನ ಸಂಸ್ಥೆಯಲ್ಲಿ ಸಂಪಾದಕಿಯಾಗಿ ಸೇರಿ ಬೇರೆಯವರ ಹಸ್ತಪ್ರತಿ ತಿದ್ದುತ್ತ ಕೂತಳು. ಹಳ್ಳಿಯ ಶಾಲೆಯ ಟೀಚರಮ್ಮಂದಿರು, ನರ್ಸುಗಳು, ಮಾರುಕಟ್ಟೆಯಲ್ಲಿ ಕೂರುವ ಹೆಂಗಸರ ಹೆಣ್ಣುಮಕ್ಕಳು, ಇಂಥವರು ಬರೆದ ಕಥೆಗಳನ್ನೆಲ್ಲ ಕೂಡಿಸಿ ಪುಸ್ತಕ ಮಾಡಿದಳು. ಸರಕಾರ ಬದಲಾಗಿ ಕಾಗದವೇ ಸಿಗದ ಕಾಲದಲ್ಲೂ ಒಂದು ಸಣ್ಣ ಪತ್ರಿಕೆ ನಡೆಸಿದಳು. ಹೀಗೆಯೇ ಕೂದಲು ಬೆಳ್ಳಗಾಯಿತು. ಎರಡನೆಯ ಕಾದಂಬರಿ ಬಂದಿದ್ದು ಮುದುಕಿಯಾದ ಮೇಲೆ. ಯಜಮಾನರು ಆಫೀಸಿನ ಹತ್ತಿರ ಕೋಟೆ ಪೇಟೆಯ ಫುಟ್‌ಪಾತಿನಲ್ಲಿ ಹಳೆಯ ಪುಸ್ತಕಗಳ ರಾಶಿಯಿಂದ ತಂದಿದ್ದು ಅದನ್ನೇ.

ಅದರ ಮುನ್ನುಡಿಯಲ್ಲಿ ಅವಳು ತನ್ನ ಕೆಲಸದ ರೀತಿ ಹೇಳಿಕೊಂಡಿದ್ದಾಳೆ. ಅವಳ ತಾಯಿ ಬಟ್ಟೆ ಮಾರುವವಳು. ತಿದ್ದಬೇಕಾದ ಹಸ್ತಪ್ರತಿಯನ್ನು ಮಗಳು ಅಂಗಡಿಗೆ ಒಯ್ದು ತಾಯಿಗೆ ಓದಿ ಹೇಳುವಳು. ಬಟ್ಟೆ ಮಡಿಸುವ ತಾಯಿಯ ಕೈ ಎಲ್ಲಿ ನಿಲ್ಲುವುದೋ ಅಲ್ಲಿ ಗುರುತು ಹಾಕುವಳು. ಹೀಗೆ ಕೇಳಿಸದೆ ಯಾವ ಬರಹವನ್ನೂ ಅಚ್ಚಿಗೆ ಕೊಟ್ಟವಳಲ್ಲ. ಇದನ್ನು ಓದಿದ ದಿನವೇ ಯಜಮಾನರು ನನ್ನನ್ನು ಸೊಪ್ಪಿನ ಬುಟ್ಟಿಯ ಸಮೇತ ಎದುರಿಗೆ ಕೂರಿಸಿಕೊಂಡರು. ನಾನು ಕಲಿತದ್ದು ಮ್ಯಾಟ್ರಿಕ್‌ವರೆಗೆ. ನನಗೇನು ತಿಳಿಯುತ್ತದೆ ಎಂದರೆ, "ತಿಳಕೋಬ್ಯಾಡ, ಸೊಪ್ಪು ಬಿಡಸು" ಎಂದರು.

ಆದರೆ ಕೈಯೂ ಒಮ್ಮೊಮ್ಮೆ ಮೋಸ ಹೋಗುತ್ತದೆ. ಕಾದಂಬರಿಯ ನಡುವೆ ಒಬ್ಬ ಮೀನುಗಾರ ಸಾಯುತ್ತಾನೆ. ಅವನ ಹೆಂಡತಿಯ ಹಣೆಯ ಕುಂಕುಮ ಒರೆಸಿದರು, ಬಳೆ ಒಡೆದರು, ಬಿಳಿ ಸೀರೆ ಉಡಿಸಿದರು ಎಂದು ಯಜಮಾನರು ಓದಿದರು. ನನ್ನ ಕೈ ನಿಲ್ಲಲೇ ಇಲ್ಲ. ಕಣ್ಣಲ್ಲಿ ನೀರು ಬಂತು, ಕೈ ಸೊಪ್ಪು ಬಿಡಿಸುತ್ತಲೇ ಇತ್ತು. ಒಳಗಿಂದ ಬಂದವಳು ಮಗಳು ಶ್ರುತಿ. ಅವಳಿಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಆಡಲು ತಡವರಿಸುತ್ತಾಳೆ, ನಡುವೆ ಹಿಂದಿ ಮರಾಠಿ ಬೆರೆಸುತ್ತಾಳೆ. ಮೂಲವನ್ನು ಇಂಗ್ಲಿಷಿನಲ್ಲಿ ಓದಿದ್ದಳು.

"ಪಪ್ಪಾ, ಘಾನಾದಲ್ಲಿ ಕುಂಕುಮ ಕಹಾಂ ಸೇ ಆಯಾ? ಎಲ್ಲಿಂದ ಬಂತು?"

ಯಜಮಾನರು ಪುಸ್ತಕ ತೆಗೆದು ನೋಡಿದರು. ಅಲ್ಲಿ ಇದ್ದುದು ಇಷ್ಟೇ: ಅವಳು ಕಪ್ಪು ಬಟ್ಟೆ ಉಟ್ಟು ಕೂತಿದ್ದಳು. ಕೊರಳಲ್ಲಿ ಎಂದಿನ ಮಣಿಸರ ಇತ್ತು.

"ನಾ ಬರದದ್ದಲ್ಲ ಮಾರಾಯ್ತಿ," ಎಂದರು ಯಜಮಾನರು ಬೆವರು ಒರೆಸಿಕೊಳ್ಳುತ್ತ, "ಪೆನ್ನು ತಾನ ಬರಕೊಂಡು ಹೋಗ್ಯಾದ."

"ಪೆನ್ನಿಗೆ ವಿಜಯಪುರದ ಟಿಕೆಟ್ ಯಾರು ತೆಗೆದುಕೊಟ್ರು?" ಎಂದಳು ಮಗಳು. ಯಜಮಾನರು ಪೆನ್ಸಿಲ್ ಎತ್ತಿಕೊಂಡರು. ಆಮೇಲೆ ಆ ಮೂರು ಸಾಲುಗಳ ಮೇಲೆ ಕಾಗದ ಹರಿಯುವಷ್ಟು ಒತ್ತಿ ಕಾಟು ಹಾಕಿದರು.

ಅವರು ಹೋದ ಮೇಲೆ, ಆ ಶಾಸ್ತ್ರದ ದಿನ, ವಿಜಯಪುರದಿಂದ ಬಂದಿದ್ದ ಅವರ ಅಕ್ಕ ನನ್ನ ಬಳೆ ತೆಗೆಸಲು ಕೂರಿಸಿದರು. ನನಗೆ ಬೇಡವೆನ್ನುವ ತ್ರಾಣವಿರಲಿಲ್ಲ. ನಿಜ ಹೇಳಬೇಕೆಂದರೆ ಬೇಕು ಬೇಡ ಎಂಬುದೇ ಇರಲಿಲ್ಲ, ಕೈ ಚಾಚಿದ್ದೆ. ಶ್ರುತಿ ನಡುವೆ ಬಂದು ನಿಂತಳು.

"ಅತ್ಯಾ, ನಕೋ, ಬೇಡ. ಪಪ್ಪಾ ಇದನ್ನ ಕಾಟ್ ಹಾಕಿದ್ರು."

"ಏನ ಕಾಟ್ ಹಾಕ್ಯಾನ?"

"ಬಳೆ ಒಡೆಯೋದು. ಬುಕ್‌ನಲ್ಲಿ."

"ಬುಕ್ಕಿನಾಗಿಂದು ಮನ್ಯಾಗ ತರ್ತಾರೇನ ಹುಚ್ಚಿ?"

ಆಗ ಮಗಳು ಒಳಗೆ ಹೋಗಿ ಆ ಹಾಳೆ ತಂದು ತೋರಿಸಿದಳು. ನಮ್ಮ ಅತ್ತಿಗೆಯವರಿಗೆ ಓದಲು ಬರುವುದಿಲ್ಲ. ಕಾಟಿನ ಗೆರೆಯ ಮೇಲೆ ಬೆರಳಾಡಿಸಿದರು. "ಅವನಽ ಹಾಕ್ಯಾನ?" ಎಂದು ಇನ್ನೊಮ್ಮೆ ಕೇಳಿ, "ಸಣ್ಣಾಂವಿದ್ದಾಗಿಂದ ಹಟಮಾರಿ" ಎಂದು ಅಳುತ್ತ ಎದ್ದು ಹೋದರು. ಬಳೆ ಉಳಿದವು. ನಾನು ಗೆದ್ದೆನೆಂದು ನೀವು ತಿಳಿಯಬೇಡಿ. ಪಾತ್ರೆ ತೊಳೆಯುವಾಗ ಅವು ಸದ್ದು ಮಾಡುತ್ತವೆ, ಮಗಳು ಕೆಲಸಕ್ಕೆ ಹೋದ ಮೇಲೆ ಕೇಳಲು ಮನೆಯಲ್ಲಿ ನಾನೊಬ್ಬಳೇ ಇರುತ್ತೇನೆ, ದಣಿವಾಗುತ್ತದೆ.

ಧಾರವಾಡದವರು ಒಂದು ತಿಂಗಳು ಬಿಟ್ಟು ಮೆಲ್ಲಗೆ ಕೇಳಿದರು, ಕೊನೆಯ ಅಧ್ಯಾಯ ಏನು ಮಾಡೋಣ ಎಂದು. ಯಜಮಾನರು ಅದನ್ನು ಬರೆದಿಟ್ಟಿದ್ದರು. ನಾನು ಕೇಳಿರಲಿಲ್ಲ, ಹಾಗಾಗಿ ಒಂದು ಗೀಟೂ ಬಿದ್ದಿರಲಿಲ್ಲ. ತಿದ್ದದೆ ಕೊಟ್ಟರೆ ಓದುವವರು ಅವರಿಗೆ ಕನ್ನಡ ಬರುತ್ತಿರಲಿಲ್ಲವೆಂದಾರು. ಬೇರೆಯವರು ತಿದ್ದಿದರೆ ಅದು ಯಜಮಾನರದಾಗಿ ಉಳಿದೀತೇ? ನನ್ನ ಜೀವ ಇದರಲ್ಲೇ ಸಿಕ್ಕಿಕೊಂಡಿತು.

ಯಜಮಾನರ ಗೆಳೆಯರು ನಬಿಸಾಬ್ ಮಾಸ್ತರರು, ಮುನಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು, ದಹಿಸರ್‌ನಿಂದ ಎರಡು ಗಾಡಿ ಬದಲಿಸಿ ಬಂದರು. "ವೈನಿ, ನಾ ಓದ್ತೀನಿ, ನೀವು ಸೊಪ್ಪು ತಗೊಂಡು ಕುಂದರ್ರಿ" ಎಂದರು. ಕೂತೆ. ಅವರ ದನಿ ಒಳ್ಳೆಯದು, ಯಜಮಾನರಂತೆ ನಡುನಡುವೆ ಕೆಮ್ಮುವುದಿಲ್ಲ. ಎರಡು ಪುಟ ಓದಿದರು. ತಲೆ ತಗ್ಗಿಸಿ ನೋಡಿದರೆ ನನ್ನ ಕೈ ಮೊದಲಿನಿಂದಲೇ ನಿಂತಿತ್ತು. ಒಂದು ಎಲೆಯನ್ನೂ ಬಿಡಿಸಿರಲಿಲ್ಲ.

"ಇದು ನನ್ನ ಕಡಿಂದ ಆಗೂದಲ್ಲ ಮಾಸ್ತರ" ಎಂದೆ.

"ನನಗೂ ಗೊತ್ತಿತ್ರಿ," ಎಂದರು. "ಆದ್ರೂ ಬಂದೆ. ಚಹಾನರ ಮಾಡ್ರಿ."

ಮಗಳು ಬುಧವ್ವನಿಗೆ ಎಲ್ಲ ತಿಳಿಸಿ, ಏನು ಮಾಡೋಣವೆಂದು ಕೇಳಿ ಮೇಲ್ ಬರೆದಳು. ಉತ್ತರ ನಿಧಾನವಾಗಿ ಬಂತು; ಕಣ್ಣು ಮಂದವಾಗಿದೆ, ಬೇರೆಯವರಿಂದ ಬರೆಸುತ್ತಿದ್ದೇನೆ ಎಂದಿದ್ದಳು. ತಾನು ಸಂಪಾದಕಿಯಾಗಿದ್ದಾಗ ಒಬ್ಬ ನರ್ಸು ತನ್ನ ಕಥೆಗಳನ್ನು ಕೊಟ್ಟು, ತಿದ್ದಿ ಮುಗಿಸುವ ಮೊದಲೇ ತೀರಿಕೊಂಡಳಂತೆ. ಕೊನೆಯ ಕಥೆಯನ್ನು ತಾನು ಮುಟ್ಟಲಿಲ್ಲವಂತೆ. ಅದರಲ್ಲಿ ತಪ್ಪುಗಳಿದ್ದವು, ತಿದ್ದುವುದು ಗೊತ್ತಿತ್ತು, ಆದರೆ ಯಾರ ಒಪ್ಪಿಗೆ ಕೇಳಬೇಕೆಂದು ತಿಳಿಯಲಿಲ್ಲ ಎಂದಿದ್ದಳು. ಜೀವಮಾನವೆಲ್ಲ ಇನ್ನೊಬ್ಬರ ವಾಕ್ಯ ಕಡಿದ ಕೈ ಅಲ್ಲಿ ನಿಂತಿತ್ತು. ನಮಗೆ ಹೀಗೆ ಮಾಡಿರೆಂದು ಅವಳು ಹೇಳಲಿಲ್ಲ.

ಅಧ್ಯಾಯವನ್ನು ಇದ್ದ ಹಾಗೆಯೇ ಕಳಿಸಿದೆವು. ಪುಸ್ತಕ ಬಂದಿದೆ. ನಿಮ್ಮ ಕೈಗೆ ಸಿಕ್ಕರೆ ನೋಡಿ, ಕೊನೆಯ ಅಧ್ಯಾಯದ ವಾಕ್ಯಗಳು ಉದ್ದ, ಒಂದೇ ಮಾತು ಎರಡು ಸಲ ಬಂದಿದೆ, ಒಂದೆರಡು ಕಡೆ ಉಸಿರು ಸಾಲುವುದಿಲ್ಲ. ನಾನು ಅದನ್ನು ಕಣ್ಣಿನಿಂದ ಓದಿದ್ದೇನೆ. ಕೇಳಿಲ್ಲ.