ಕಮ್ಮಿ ಅಂದರೆ ಒಳ್ಳೆಯದು ಅಂದುಕೊಂಡ ಮೇಷ್ಟ್ರು

ಜಂಗಮಕೋಟೆಯಲ್ಲಿ ಯಾರ ಮನೆಗೆ ಇಂಗ್ಲಿಷ್ ಕಾಗದ ಬಂದರೂ ಅದು ಚನ್ನಕೇಶವ ಮೇಷ್ಟ್ರ ಜಗಲಿಗೇ ಬರಬೇಕಿತ್ತು. ಕೋರ್ಟಿನ ನೋಟೀಸಾಗಲಿ, ರೇಷ್ಮೆ ಇಲಾಖೆಯ ಪತ್ರವಾಗಲಿ, ಕನ್ನಡಕ ಏರಿಸಿ ಒಂದೇ ಉಸಿರಿಗೆ ಓದಿ ಅರ್ಥ ಹೇಳಿಬಿಡುತ್ತಿದ್ದರು. ‘ನನಗೆ ಗೊತ್ತಿಲ್ಲ’ ಎಂಬ ಮಾತು ಅವರ ಬಾಯಿಂದ ಬಂದದ್ದನ್ನು ಊರಲ್ಲಿ ಯಾರೂ ಕೇಳಿರಲಿಲ್ಲ.

ಅವರ ಹೆಂಡತಿ ವೆಂಕಟರತ್ನಮ್ಮ ಕಳವಾರದವರು. ಕೈಚುರುಕಿನ ಹೆಂಗಸು. ಮನೆಯ ನಡುಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರು. ಹಿಪ್ಪುನೇರಳೆ ಸೊಪ್ಪು ಕೊಯ್ಯುವುದು, ಹೆಚ್ಚುವುದು, ತಟ್ಟೆ ತಟ್ಟೆಗೂ ಹರಡುವುದು ಎಲ್ಲ ಅವರದೇ. ಸಾವಿರದ ಒಂಬೈನೂರ ಐವತ್ತೊಂಬತ್ತರ ಹೊತ್ತಿಗೆ ಆ ಚುರುಕು ಎಲ್ಲಿಗೋ ಹೋಯಿತು. ಏಪ್ರಿಲ್ ಬಿಸಿಲಲ್ಲೂ ಕಂಬಳಿ ಹೊದೆಯುವರು. ಮುಖ ಊದಿತು, ತಲೆಗೂದಲು ಬಾಚಣಿಗೆಗೆ ಬಂತು, ದನಿ ಗಂಡಸರ ದನಿಯಂತೆ ದಪ್ಪಗಾಯಿತು. ಕೂತಲ್ಲೇ ತೂಕಡಿಕೆ. ಒಂದು ಮಧ್ಯಾಹ್ನ ಹುಳುಗಳು ಸೊಪ್ಪಿಲ್ಲದೆ ತಟ್ಟೆಯ ಅಂಚಿಗೆ ತಲೆ ಎತ್ತಿ ಹರಿದಾಡುತ್ತಿದ್ದರೆ, ಅವರು ಸೊಪ್ಪಿನ ರಾಶಿಗೇ ತಲೆಯಿಟ್ಟು ಮಲಗಿದ್ದರು.

ಮೇಷ್ಟ್ರು ಅವರನ್ನು ಚಿಕ್ಕಬಳ್ಳಾಪುರಕ್ಕೆ ಕರೆದುಕೊಂಡು ಹೋದದ್ದೂ ನಿಜ. ಅಲ್ಲಿ ದವಾಖಾನೆ ಇಟ್ಟಿದ್ದ ಕೋನಪ್ಪ ಡಾಕ್ಟ್ರು ಅವರ ಕುತ್ತಿಗೆ ಮುಟ್ಟಿ ನೋಡಿದರು; ಕುರ್ಚಿಯ ಮೇಲೆ ಮಂಡಿಯೂರಿಸಿ ಹಿಮ್ಮಡಿಯ ನರಕ್ಕೆ ಸಣ್ಣ ಸುತ್ತಿಗೆಯಿಂದ ತಟ್ಟಿದರು. ಪಾದ ಛಕ್ಕನೆ ಹಾರಿತು, ಆದರೆ ವಾಪಸು ಬರುವಾಗ ಸೋತು ಸೋತು ಬಂತು. ಡಾಕ್ಟ್ರು ಬೆಂಗಳೂರಿಗೆ ಚೀಟಿ ಬರೆದುಕೊಟ್ಟು, ಪರೀಕ್ಷೆಗೆ ರಕ್ತ ಕೊಟ್ಟು ಬರಲು ಹೇಳಿದರು.

“ರಿಪೋರ್ಟು ಟಪಾಲಲ್ಲಿ ನಿಮ್ಮನೆಗೇ ಬರ್ತದೆ ಮೇಷ್ಟ್ರೇ. ಬಂದ ತಕ್ಷಣ ನನ್ನ ಹತ್ರ ತನ್ನಿ.”

ಮೂರು ವಾರಕ್ಕೆ ಕಾಗದ ಬಂತು. ಮೇಷ್ಟ್ರು ಜಗಲಿಯ ಮೇಲೇ ಒಡೆದು ಓದಿದರು. ರಕ್ತದಲ್ಲಿನ ಅಯೋಡಿನ್ ಒಂದು ಪಾಯಿಂಟ್ ಎಂಟು. ಇರಬೇಕಾದ್ದು ನಾಲ್ಕರಿಂದ ಎಂಟು. ಮೇಷ್ಟ್ರ ತಂದೆ ಸಕ್ಕರೆ ಕಾಯಿಲೆಯವರು. ಪರೀಕ್ಷೆಯಲ್ಲಿ ಸಕ್ಕರೆ ಇಳಿದಿದೆ ಎಂದಾಗಲೆಲ್ಲ ಮನೆಯಲ್ಲಿ ಹಬ್ಬದ ಮುಖ. ಪರೀಕ್ಷೆ ಎಂದರೆ ಹೆಚ್ಚಿದ್ದರೆ ಕೆಟ್ಟದ್ದು, ಕಮ್ಮಿ ಇದ್ದರೆ ಒಳ್ಳೆಯದು ಎಂಬುದು ಅವರ ತಲೆಯಲ್ಲಿ ಕೂತುಬಿಟ್ಟಿತ್ತು.

“ಎಲ್ಲಾ ಕಮ್ಮೀನೇ ಐತೆ ಕಣೇ. ನಿನಗೆ ಏನೂ ಇಲ್ಲ,” ಎಂದರು. ಕಾಗದ ಟ್ರಂಕಿನೊಳಗೆ ಹೋಯಿತು. ಡಾಕ್ಟ್ರ ಮಾತು ನೆನಪಿಗೆ ಬಾರದೆ ಇರಲಿಲ್ಲ. ಓದಿ ಆದ ಕಾಗದವನ್ನು ಮತ್ತೊಬ್ಬರಿಗೆ ತೋರಿಸುವುದೇನು ಎನಿಸಿತು.

ಆಮೇಲಿನ ಎರಡು ವರ್ಷ ಆ ಮನೆಯಲ್ಲಿ ‘ಸೋಂಬೇರಿ’ ಎಂಬ ಮಾತು ಕೇಳದ ದಿನವಿಲ್ಲ. ಮಗಳು ನರಸಮ್ಮನಿಗೆ ಆಗ ಆರೇಳು ವರ್ಷ. ಅಪ್ಪನಂತೆಯೇ ಸೊಂಟದ ಮೇಲೆ ಕೈಯಿಟ್ಟು, “ಏಳಮ್ಮ, ಸಾಕು ಮೊದ್ದುನಿದ್ದೆ,” ಅನ್ನುತ್ತಿದ್ದಳು. ಕೇಳಿದವರು ನಗುತ್ತಿದ್ದರು, ಮೇಷ್ಟ್ರೂ ನಗುತ್ತಿದ್ದರು. ಅರವತ್ತೊಂದರಲ್ಲಿ ವೆಂಕಟರತ್ನಮ್ಮ ಬಸುರಾದರು. ಆರನೇ ತಿಂಗಳಿಗೆ ಹೋಯಿತು. ಗಂಡುಮಗು.

ಮರುವರ್ಷ ಪಕ್ಕದ ಮನೆಯ ಆವುಲಪ್ಪನ ಕೆಮ್ಮಿಗೆ ಔಷಧಿ ಕೊಡಿಸಲು ಮೇಷ್ಟ್ರು ಮತ್ತೆ ಕೋನಪ್ಪ ಡಾಕ್ಟ್ರ ಬಳಿ ಹೋದರು.

“ನಿಮ್ಮ ಮನೆಯವರ ರಿಪೋರ್ಟು ಏನಾಯ್ತು ಮೇಷ್ಟ್ರೇ? ನೀವು ಬರಲೇ ಇಲ್ಲ. ಬೇರೆ ಕಡೆ ತೋರಿಸಿರಬೇಕು ಅಂದ್ಕೊಂಡೆ.”

“ಚೆನ್ನಾಗೇ ಇತ್ತು ಸಾರ್. ನಾಲ್ಕು ಇರಬೇಕಾದ್ದು ಎರಡೂ ಇರಲಿಲ್ಲ.”

ಡಾಕ್ಟ್ರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. ಆವುಲಪ್ಪನನ್ನು ಹೊರಗೆ ಕೂರಲು ಹೇಳಿದರು.

“ಗಂಟಲಲ್ಲಿ ಥೈರಾಯ್ಡ್ ಅಂತ ಒಂದು ಗ್ರಂಥಿ ಐತೆ. ಅದರ ರಸದಿಂದಲೇ ಮೈಯೊಳಗಿನ ಕೆಲಸ ಎಲ್ಲ ನಡೆಯೋದು. ಕಾಗದದಲ್ಲಿದ್ದ ಅಯೋಡಿನ್ ಅಂದ್ರೆ ಆ ರಸದ ಅಳತೆ. ರಸ ಜಾಸ್ತಿಯಾದ್ರೆ ಎದೆ ಹೊಡ್ಕೊಳ್ತದೆ, ಮೈ ಇಳಿದುಹೋಗ್ತದೆ. ಕಮ್ಮಿಯಾದ್ರೆ ಚಳಿ, ಊತ, ನಿದ್ದೆ. ಎರಡೂ ಕಾಯಿಲೆನೇ. ಆಯಮ್ಮ ಬೇಕಂತ ನಿದ್ದೆ ಮಾಡ್ತಿರಲಿಲ್ಲ ಮೇಷ್ಟ್ರೇ, ಮೈ ಏಳೋದಕ್ಕೇ ಆಗ್ತಿರಲಿಲ್ಲ.”

“ಮಗು ಹೋಯ್ತು ಸಾರ್, ಹೋದ ವರ್ಷ. ಅದೂ ಇದರಿಂದಲೇನಾ?”

“ಇರಬಹುದು. ಇದರಿಂದಲೇ ಅಂತ ಹೇಳಕ್ಕಾಗಲ್ಲ,” ಎಂದು ಡಾಕ್ಟ್ರು ಕಿಟಕಿಯ ಕಡೆ ನೋಡಿದರು.

ಕುರಿಯ ಗ್ರಂಥಿ ಒಣಗಿಸಿ ಮಾಡಿದ ಮಾತ್ರೆ ಬರೆದುಕೊಟ್ಟರು. ಸಣ್ಣ ಪ್ರಮಾಣದಿಂದ ಶುರುಮಾಡಿ ಮೆಲ್ಲಗೆ ಏರಿಸಬೇಕು, ಬದುಕಿರುವವರೆಗೂ ಬಿಡಬಾರದು ಎಂದರು. ಮನೆಗೆ ಬಂದ ಮೇಷ್ಟ್ರು ಹೆಂಡತಿಗೆ ಅಷ್ಟನ್ನೇ ಹೇಳಿದರು. “ಹೊಸ ಮಾತ್ರೆ ಬಂದೈತಂತೆ,” ಎಂದರು. ನಿಜ ಬಾಯಿಗೆ ಬರಲಿಲ್ಲ.

ಮೂರು ತಿಂಗಳಿಗೆ ವೆಂಕಟರತ್ನಮ್ಮನ ಮುಖದ ಊತ ಇಳಿಯಿತು. ಕಂಬಳಿ ಅಟ್ಟಕ್ಕೆ ಹೋಯಿತು. ದನಿ ತಿಳಿಯಾಯಿತು. ಬಂದವರಿಗೆಲ್ಲ, “ನಮ್ಮನೆಯೋರು ಅಲ್ದಿದ್ರೆ ನಾನು ಉಳೀತಿರಲಿಲ್ಲ,” ಎಂದು ಹೇಳಿಕೊಂಡು ತಿರುಗಿದರು. ಆ ಮಾತು ಕೇಳಿಸಿದಾಗಲೆಲ್ಲ ಮೇಷ್ಟ್ರು ಏನಾದರೊಂದು ನೆಪ ಮಾಡಿ ಹಿತ್ತಲಿಗೆ ಎದ್ದುಹೋಗುತ್ತಿದ್ದರು. ಒಂದು ಬೆಳಿಗ್ಗೆ ತೋಟದಲ್ಲಿ ಇಬ್ಬರೂ ಸೊಪ್ಪು ಕೊಯ್ಯುತ್ತಿದ್ದಾಗ ತಡೆಯಲಾಗದೆ ಹೇಳಿಬಿಟ್ಟರು. ಕಾಗದದಲ್ಲಿ ಏನಿತ್ತು, ತಾವು ಅದನ್ನು ಹೇಗೆ ಓದಿಕೊಂಡಿದ್ದರು, ಕಾಯಿಲೆಯ ಬಗ್ಗೆ ಡಾಕ್ಟ್ರು ಏನೆಂದರು, ಎಲ್ಲವನ್ನೂ.

ವೆಂಕಟರತ್ನಮ್ಮ ಆ ಸಾಲಿನ ಸೊಪ್ಪು ಕೊಯ್ದು ಮುಗಿಸಿದರು.

“ನನಗೆ ನೋವು ನೀವು ಬೈದಿದ್ದಕ್ಕಲ್ಲ ರೀ,” ಎಂದರು ಕೊನೆಗೆ. “ನೀವು ಓದಿದೋರು ಅಂತ ನಾನೂ ಅದನ್ನೇ ನಂಬಿಬಿಟ್ಟೆ. ನಾನೇ ಸೋಂಬೇರಿಯಾದೆ, ನನ್ನ ಬುದ್ಧಿನೇ ಕೆಟ್ಟೋಯ್ತು ಅಂತ ದೇವರ ಮುಂದೆ ಎಷ್ಟು ಸಲ ಕೆನ್ನೆ ಬಡ್ಕೊಂಡಿದೀನಿ ಗೊತ್ತಾ?”

ಮಗುವಿನ ಮಾತು ಅವರೂ ಎತ್ತಲಿಲ್ಲ, ಇವರೂ ಎತ್ತಲಿಲ್ಲ. ಆಮೇಲೆ ರಕ್ತಪರೀಕ್ಷೆಯ ಕಾಗದ ಬಂದಾಗಲೆಲ್ಲ ವೆಂಕಟರತ್ನಮ್ಮ ಒಡೆಯದೆ ಸೆರಗಿಗೆ ಕಟ್ಟಿಕೊಂಡು, ತಾವೇ ಬಸ್ಸು ಹತ್ತಿ ಡಾಕ್ಟ್ರ ಬಳಿ ಹೋಗುತ್ತಿದ್ದರು. ಬಸ್ ಸ್ಟ್ಯಾಂಡಿನ ತನಕ ಮೇಷ್ಟ್ರು ಜೊತೆಗೆ ಹೋಗುವರು. ಬೇಡ ಎಂದು ಆಕೆ ಹೇಳಲಿಲ್ಲ. ಚಿಕ್ಕಬಳ್ಳಾಪುರದವರೆಗೂ ಬನ್ನಿ ಎಂದೂ ಕರೆಯಲಿಲ್ಲ.

ಅರವತ್ತೆಂಟರಲ್ಲಿ ನರಸಮ್ಮ ಹೈಸ್ಕೂಲು ಸೇರಿದ್ದಳು. ಒಂದು ಸಂಜೆ ವೆಂಕಟರತ್ನಮ್ಮ ಹುಳುಗಳಿಗೆಲ್ಲ ಸೊಪ್ಪು ಹಾಕಿ ಮುಗಿಸಿ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದರು. ಪುಸ್ತಕದಿಂದ ತಲೆಯನ್ನೂ ಎತ್ತದೆ ಮಗಳು, “ಏಳಮ್ಮ, ಸಾಕು,” ಅಂದಳು. ವೆಂಕಟರತ್ನಮ್ಮ ಗಾಬರಿಯಿಂದ ಎದ್ದು ಸೆರಗು ಸರಿಮಾಡಿಕೊಂಡು, ಮಾಡಲು ಏನೂ ಇಲ್ಲದ ಅಡುಗೆಮನೆಗೆ ಹೋದರು.

“ಅಮ್ಮನಿಗೆ ಹಾಗನ್ನಬಾರದಮ್ಮ,” ಎಂದರು ಮೇಷ್ಟ್ರು.

ನರಸಮ್ಮ ಅಪ್ಪನ ಮುಖವನ್ನೇ ನೋಡಿದಳು, ತಾನು ಅಂದದ್ದರಲ್ಲಿ ತಪ್ಪೇನೆಂದು ನಿಜಕ್ಕೂ ತಿಳಿಯದವಳ ಹಾಗೆ.